ಮಿರೇತಳ ಮಾತು

ಸೀಲಾಸನನ್ನು ಹೂಳಿದ ಮರುದಿನ ಬೆಳಿಗ್ಗೆ ನೀರು ತರಲು ಹೋದೆ. ಅಂದು ನಮ್ಮ ಪಾಳಿ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಗುರುವಾರದ ಮುಂದೆ ಸೀಲಾಸ, ಹೆಪ್ಸಿಬಾ ಎಂದು ಬರೆದಿತ್ತು. ಅದನ್ನು ಬದಲಿಸಲು ಯಾರಿಗೂ ತೋಚಿರಲಿಲ್ಲ. ನನಗೂ ತೋಚಲಿಲ್ಲ. ಎರಡು ಬಕೆಟ್ ಹಿಡಿದುಕೊಂಡು ಹೊರಟೆ.

ನಲ್ಲಿಯ ಹತ್ತಿರ ಆ ಊರಿನ ನಾಲ್ವರು ಹೆಂಗಸರು ನಿಂತಿದ್ದರು.

"ಇವತ್ತೂ ಕೆಂಪು ನೀರೇ ಬರ್ತಿದೆ."

"ಸ್ವಲ್ಪ ಹರಿಯೋಕೆ ಬಿಡು, ತಿಳಿಯಾಗುತ್ತೆ."

"ಅವಳಿಗೆ ಮೊದಲು ಬಿಡ್ರೇ. ನಿನ್ನೆಯಷ್ಟೇ ಗಂಡನ್ನ ಮಣ್ಣು ಮಾಡಿ ಬಂದಿದಾಳೆ."

"ಪರವಾಗಿಲ್ಲ, ನನಗೇನೂ ಅವಸರ ಇಲ್ಲ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಬಕೆಟ್ ಅರ್ಧ ತುಂಬಿದ ಮೇಲೆ ನನಗೆ ಹೊಳೆಯಿತು. ಹದಿಮೂರು ದಿನಗಳಿಂದ ಈ ಊರಿನ ಒಂದು ಮಾತೂ ನನಗೆ ತಿಳಿದಿರಲಿಲ್ಲ. ಈಗ ಕೇಳಿದ್ದು ಕನ್ನಡವಾಗಿರಲಿಲ್ಲ. ನಾನು ಆಡಿದ್ದೂ ಕನ್ನಡವಾಗಿರಲಿಲ್ಲ.

ಅವರಲ್ಲಿ ಚಿಕ್ಕವಳು ಒಂದು ಹೆಜ್ಜೆ ಹಿಂದೆ ಸರಿದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಮಿರೇತಳದು" ಎಂದಳು ಹಿರಿಯವಳು. "ಇವಳ ಹತ್ತಿರ ಇದೆ."

"ಅವನ ಬಾಯಿ ಮುಚ್ಚಿದವಳು ಇವಳೇ ಅಲ್ವಾ? ಮತ್ತೆಲ್ಲಿಗೆ ಹೋಗುತ್ತೆ?"

ನಾನು ಬಕೆಟ್ ಎತ್ತಿಕೊಂಡು ಬಂದೆ. ದಾರಿಯಲ್ಲಿ ರೊಟ್ಟಿ ಅಂಗಡಿಯವನು ನನ್ನನ್ನು ಕಂಡು ಬಾಯಿಯ ಮೇಲೆ ಕೈ ಇಟ್ಟುಕೊಂಡ. ಮೆಟ್ಟಿಲ ಮೇಲೆ ಕುಳಿತಿದ್ದ ಮಕ್ಕಳೂ ಹಾಗೆಯೇ ಮಾಡಿದರು, ಒಬ್ಬರನ್ನು ನೋಡಿ ಇನ್ನೊಬ್ಬರು.

ಅವನ ಬಾಯಿ ಮುಚ್ಚಿದವಳು ನಾನೇ, ನಿಜ. ಮಂಗಳವಾರ ಮಧ್ಯಾಹ್ನ ನಾವು ಕಟ್ಟುತ್ತಿದ್ದ ಪ್ರಾರ್ಥನಾಲಯದ ಮಾಡು ಹೊದಿಸುತ್ತಿದ್ದಾಗ ಅವನು ಕೆಳಗೆ ಬಿದ್ದ. ನಾನು ಓಡಿ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಯಿ ತೆರೆದೇ ಇತ್ತು. ಗದ್ದಕ್ಕೆ ಕೈ ಕೊಟ್ಟು ಮುಚ್ಚಿದಾಗ ಅಂಗೈಗೆ ಬೆಚ್ಚಗೆ ಏನೋ ತಾಗಿತು. ಕೊನೆಯ ಉಸಿರು ಎಂದುಕೊಂಡೆ. ಅದು ಮೊಣಕೈವರೆಗೂ ಏರಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಸಭೆಯಿಂದ ಆರು ಕುಟುಂಬಗಳು ಸುವಾರ್ತೆಯ ಸೇವೆಗೆಂದು ಬಂದಿದ್ದೆವು. ಮಕ್ಕಳೂ ಸೇರಿ ಹತ್ತೊಂಬತ್ತು ಜನ. ಎರಡು ವಿಮಾನ, ಒಂದು ರೈಲು, ಕೊನೆಗೆ ಸೇತುವೆಯ ಆಚೆ ನಿಲ್ಲುವ ಬಸ್ಸು. ನಾನು ಭೂಗೋಳದಲ್ಲಿ ಎಂ.ಎ. ಮಾಡಿದವಳು. ಹೊರಡುವ ಮೊದಲು ಈ ಊರನ್ನು ನಕ್ಷೆಯಲ್ಲಿ ಹುಡುಕಿ, ಸಿಗದೆ, ಸುಮ್ಮನಾಗಿದ್ದೆ. ನಮಗೆ ಇಳಿಯಲು ಒಂದು ಹಳೆಯ ಉಗ್ರಾಣ ಕೊಟ್ಟಿದ್ದರು. ಹಗ್ಗಕ್ಕೆ ದುಪ್ಪಟಿ ಕಟ್ಟಿ ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ ಮಾಡಿಕೊಂಡಿದ್ದೆವು. ನಮ್ಮ ದುಪ್ಪಟಿಯ ಈಚೆ ಈಗ ನಾನೊಬ್ಬಳೇ.

ಬಂದ ಎರಡನೆಯ ದಿನವೇ ಸೀಲಾಸ ಈ ಊರಿನ ಮಾತನ್ನು ಊರಿನವರಂತೆ ಆಡತೊಡಗಿದ್ದ. ನಮ್ಮವರು ಮೊಣಕಾಲೂರಿ ದೇವರನ್ನು ಸ್ತುತಿಸಿದರು. ಮೂರು ವರ್ಷದ ಹಿಂದೆ ಮೊದಲ ತಂಡ ಬಂದಾಗ ಒಬದ್ಯಪ್ಪನವರಿಗೂ ಹೀಗೆಯೇ ಅನ್ಯಭಾಷೆಯ ವರ ಸಿಕ್ಕಿತ್ತು. ಅವರು ಊರಿಗೆ ಹಿಂದಿರುಗಿದ ಮೇಲೂ ಪವಿತ್ರಾತ್ಮ ಇಳಿದು ಬಂದ ನೆನಪಿನ ಪಂಚಾಶತ್ತಮ ಹಬ್ಬದಲ್ಲಿ ಪ್ರತಿ ವರ್ಷ ವೇದಿಕೆ ಹತ್ತಿ ಆ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ. ಜನ ಅಳುತ್ತಾರೆ. ಅದರಿಂದಲೇ ಅವರು ಸಭೆಯ ಹಿರಿಯರಾದರು.

ಸೀಲಾಸನಿಗೆ ಒಂದು ಬೇರೆ ಅಭ್ಯಾಸವಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದ. ಸಂಜೆ ಕೆಲಸ ಬಿಟ್ಟ ಮೇಲೆ ಒಂದು ಗಂಟೆ ಎಲ್ಲಿಗೋ ಹೋಗಿ ಬರುತ್ತಿದ್ದ. ಬಂದ ಮೇಲೆ ಮರುದಿನ ಬೆಳಗಿನವರೆಗೂ ಬರಿಯ ಕನ್ನಡ. ಕೇಳಿದರೆ, "ಒಬ್ಬಾಕಿ ಮುದುಕಿ ಅದಾಳ, ಆಕಿ ಕೂಡ ಕೂಡತೀನಿ" ಎನ್ನುತ್ತಿದ್ದ. ನಾನು ಹೆಚ್ಚು ಕೇಳಲಿಲ್ಲ.

ನೀರು ತಂದಿಟ್ಟಾಗ ರೂತವ್ವ ರವೆ ಹುರಿಯುತ್ತಿದ್ದಳು. ಪಾದ್ರಿ ದೇವಸಹಾಯಪ್ಪನವರು ಬೈಬಲ್ ತೆರೆದು ಕುಳಿತಿದ್ದರು, ಓದುತ್ತಿರಲಿಲ್ಲ. ಉಗ್ರಾಣದ ಯಜಮಾನ ಬಾಗಿಲಲ್ಲಿ ನಿಂತು ಕೈಬಾಯಿ ತಿರುಗಿಸಿ ಏನೋ ಕೇಳುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ.

"ಉಳಿದ ತೊಲೆಗಳು ಅಲ್ಲೇ ಇರಲಿ" ಎಂದು ಅವನಿಗೆ ಹೇಳಿದೆ. "ಶನಿವಾರ ಅವನ್ನೂ ಏರಿಸ್ತಾರೆ."

ಅವನು ಬಾಯಿ ಮುಚ್ಚಿಕೊಂಡು ಹೊರಟುಹೋದ.

"ಏನಂದಿ ಹೆಪ್ಸಿ?" ಎಂದಳು ರೂತವ್ವ.

"ತೊಲಿ ಅಲ್ಲೇ ಇರಲಿ ಅಂದೆ."

"ಅದಲ್ಲವಾ ನಾ ಕೇಳಿದ್ದು. ಯಾವ ಮಾತಿನ್ಯಾಗ ಅಂದಿ?"

ರವೆ ಹೊತ್ತುತ್ತಿತ್ತು. ಪಾದ್ರಿಗಳು ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು.

"ಪ್ರವಾದಿ ಎಲೀಯನ ಕಂಬಳಿ ಶಿಷ್ಯ ಎಲೀಷನ ಮ್ಯಾಲೆ ಬಿತ್ತು, ಮಗಳ" ಎಂದರು. "ಇಡೀ ರಾತ್ರಿ ದೇವರಿಗೆ ಕೇಳಿದೆ. ಐತವಾರ ಏಳು ಮಂದಿ ದೀಕ್ಷಾಸ್ನಾನಕ್ಕ ನಿಂತಾರ. ಅವರಿಗೆ ಪ್ರಶ್ನೆ ಕೇಳವರು ಯಾರು ಅಂತ ಕೇಳಿದೆ. ನೋಡು, ಉತ್ತರ ಬಂತು."

ದುಪ್ಪಟಿಗಳ ಹಿಂದಿನಿಂದ ಒಬ್ಬೊಬ್ಬರೇ ಬಂದು ನಿಂತರು. ಯಾರೋ ಹಾಡು ಎತ್ತಿದರು. ನಾನು ಯಾವಾಗಲೂ ಮಾಡುವಂತೆ ತುಟಿ ಆಡಿಸಿದೆ.

ಆ ಮಧ್ಯಾಹ್ನ ದುಪ್ಪಟಿಯ ಈಚೆ ಕುಳಿತು ಮೆಲ್ಲಗೆ ಗೋಡೆ ಎಂದೆ, ಆ ಊರಿನ ಮಾತಿನಲ್ಲಿ. ಹಿಂದೆಯೇ ಸೀಲಾಸ ಮಾತಾಡಿದ. ಈ ಗೋಡೆ ಸ್ವಲ್ಪ ವಾಲಿದೆ, ಆದರೂ ನಿಲ್ಲುತ್ತೆ ಬಿಡಿ ಎಂದ. ಕಿವಿಯಲ್ಲಿ ಅಲ್ಲ. ಮಾತು ಬಾಯಿಂದ ಹೊರಡುವಾಗ ನಾಲಗೆಯ ಮೇಲೆ ಅವನ ಗುರುತು ಉಳಿದಂತೆ. ಇಲ್ಲಿ ಅವನು ಯಾವ ಮಾತನ್ನು ಹೇಗೆ ಬಳಸಿದ್ದನೋ ಅದೆಲ್ಲ ಆ ಮಾತಿಗೆ ಅಂಟಿಕೊಂಡಿತ್ತು. ಉಪ್ಪು ಎಂದೆ. ಮೀನಿನ ಸಾರಿಗೆ ಇನ್ನೊಂದು ಚಿಟಿಕೆ ಕೇಳಿ ನಕ್ಕ. ಏಣಿ ಎಂದೆ. ಹಿಡಿದುಕೊಳ್ಳಿ, ಹತ್ತುತ್ತೇನೆ ಎಂದ. ಆ ಮಾತನ್ನು ಮತ್ತೆ ಆಡಲಿಲ್ಲ.

ಎಲ್ಲದರಲ್ಲೂ ಅವನೇ ಇರಲಿಲ್ಲ. ಕೆಲವು ಮಾತುಗಳಲ್ಲಿ ಬೇರೆ ಯಾರೋ ಇದ್ದರು. ತೊಟ್ಟಿಲು ಎಂದಾಗ ನನಗೆ ಪರಿಚಯವಿಲ್ಲದ ಒಂದು ದುಃಖ ಗಂಟಲಿಗೆ ಬಂದು ಕುಳಿತಿತು. ನನ್ನ ಸ್ವಂತ ದುಃಖ ಇನ್ನೂ ಬಂದಿರಲಿಲ್ಲ. ಬೇರೆಯವರದು ಅಷ್ಟು ಸುಲಭವಾಗಿ ಬಂದದ್ದು ನೋಡಿ ಆಶ್ಚರ್ಯವಾಯಿತು.

ಸಂಜೆಯ ಹೊತ್ತಿಗೆ ಹೆಂಡತಿ ಎಂದೆ.

ಅವನು ಯಾರಿಗೋ ಹೇಳುತ್ತಿದ್ದ: ನನ್ನ ಹೆಂಡತಿ ಸಭೆಯಲ್ಲಿ ಹಾಡುವುದಿಲ್ಲ. ತುಟಿ ಮಾತ್ರ ಆಡಿಸುತ್ತಾಳೆ. ಪ್ರಾರ್ಥನೆಯಲ್ಲಿ ಕಣ್ಣು ತೆರೆದಿರುತ್ತಾಳೆ. ನನಗೆ ಗೊತ್ತಿಲ್ಲ ಅಂತ ಅವಳ ಲೆಕ್ಕ. ನಾನೂ ಹೇಳಿಲ್ಲ. ಅವಳು ನನ್ನ ಜೊತೆ ಇಷ್ಟು ದೂರ ಬಂದದ್ದು ದೇವರಿಗಾಗಿ ಅಲ್ಲ, ನನಗಾಗಿ. ಅದು ಸಾಕು ನನಗೆ.

ಎರಡು ವರ್ಷ ನಾನು ಅದನ್ನು ಅವನಿಂದ ಮುಚ್ಚಿಟ್ಟಿದ್ದೆ. ಇಡೀ ಸಭೆಯಲ್ಲಿ ಯಾರಿಗೂ ತಿಳಿಯಬಾರದೆಂದು, ಎಲ್ಲರಿಗಿಂತ ಹೆಚ್ಚಾಗಿ ಅವನಿಗೆ.

ಆ ಒಂದು ಮಾತನ್ನು ಮತ್ತೆ ಮತ್ತೆ ಆಡಿದೆ. ಪ್ರತಿ ಸಲವೂ ಅವನು ಅಷ್ಟನ್ನೂ ಹೇಳಿದ, ಒಂದು ಅಕ್ಷರ ಬಿಡದೆ. ರೂತವ್ವ ಊಟಕ್ಕೆ ಕರೆದಾಗ ದುಪ್ಪಟಿಯ ಹಿಂದಿನಿಂದಲೇ, ತಲೆನೋವು ಎಂದೆ.

"ಶೇಂಗಾ ಚಟ್ನಿ ಐತಿ ನೋಡವಾ, ಊರಿಂದು. ಒಂದು ತುತ್ತು ತಿನ್ನು."

"ಬ್ಯಾಡಕ್ಕ."

"ಯಾರ ಕೂಡ ಮಾತಾಡಾಕತ್ತಿ ಅಲ್ಲಿ?"

"ಯಾರ ಕೂಡನೂ ಇಲ್ಲ."

ಶುಕ್ರವಾರ ಮಧ್ಯಾಹ್ನ ಒಬ್ಬ ಹೆಂಗಸು ಉಗ್ರಾಣಕ್ಕೆ ಬಂದಳು. ನಲವತ್ತರ ಆಸುಪಾಸು, ಕೈಯಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ. ಈಕೆ ಮಾತ್ರ ಬಾಯಿ ಮುಚ್ಚಿಕೊಳ್ಳಲಿಲ್ಲ.

"ನಾನು ಸೊರೇನ. ಮಿರೇತಳ ಮಗಳು" ಎಂದಳು. "ನಿನ್ನ ಗಂಡ ನಮ್ಮಮ್ಮನ ಮಾತನ್ನ ಕಡ ತಗೊಂಡಿದ್ದ. ಬೆಳಿಗ್ಗೆ ತಗೊಂಡು ಸಂಜೆ ತಂದುಕೊಡ್ತಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ. ಆ ಮಂಗಳವಾರ ಬರಲಿಲ್ಲ. ಅದರಲ್ಲಿ ಅವನ ತಪ್ಪೇನಿಲ್ಲ."

ರೊಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಆದರೆ ನಿನ್ನೆಯಿಂದ ನೀನು ನಮ್ಮ ಮನೆ ಮುಂದೆ ಮೂರು ಸಲ ಹಾದು ಹೋಗಿದ್ದೀಯ."

"ನನಗೆ ಮನೆ ಗೊತ್ತಿರಲಿಲ್ಲ."

"ಈಗ ತೋರಿಸ್ತೀನಿ, ಬಾ."

ಮನೆ ನಲ್ಲಿಯ ಹಿಂದಿನ ಓಣಿಯಲ್ಲಿತ್ತು. ಒಂದೇ ಕೋಣೆ, ಬೀದಿಗೆ ತೆರೆದ ಕಿಟಕಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ. ಅವನ ಕಣ್ಣುಗಳು ಪೂರ್ತಿ ಬೆಳ್ಳಗಾಗಿದ್ದವು. ಮಿರೇತ ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಸಣ್ಣ ಜೀವ, ಚೂಪು ಮೂಗು. ನನ್ನನ್ನು ನೋಡಿ ಎದ್ದಳು, ಮತ್ತೆ ಕುಳಿತಳು.

"ಮಿರೇತಾ, ಇದ್ದೀಯಾ?" ಎಂದ ಮುದುಕ.

ಆಕೆ ಪಕ್ಕದಲ್ಲಿದ್ದ ತಟ್ಟೆಗೆ ಚಮಚದಿಂದ ಒಂದು ಸಲ ಬಡಿದಳು.

"ಯಾರೋ ಬಂದ ಹಾಗಿದೆ. ಯಾರು?"

ಮತ್ತೆ ಒಂದು ಬಡಿತ.

"ಒಂದು ಟಣ್ ಅಂದ್ರೆ ಯಾರು ಅಂತ ತಿಳಿದುಕೊಳ್ಳಲಿ? ಯಮನೂ ಟಣ್, ಹಾಲಿನವನೂ ಟಣ್."

"ಅಪ್ಪಾ, ಇವಳೇ" ಎಂದಳು ಸೊರೇನ. "ಅಮ್ಮನ ಮಾತು ಇವಳ ಹತ್ತಿರ ಇರೋದು."

ಮುದುಕ ಮುಖ ಎತ್ತಿದ. ಅವನ ಹೆಸರು ಓದಾನ್ ಎಂಬುದು ನನಗೆ ಆಗಲೇ ಗೊತ್ತಿತ್ತು. ಆ ಹೆಸರೂ ಆ ಮಾತುಗಳ ಜೊತೆಗೇ ಬಂದಿತ್ತು, ಸ್ವಲ್ಪ ಸಿಟ್ಟಿನೊಂದಿಗೆ.

"ಏನಾದರೂ ಆಡಮ್ಮ, ಕೇಳೋಣ" ಎಂದ. "ಬೀದಿಯಲ್ಲಿ ಏನೇನಿದೆ ಹೇಳು. ಅವಳು ದಿನವೂ ಸಂಜೆ ಹೇಳ್ತಿದ್ದಳು."

ನಾನು ಕಿಟಕಿಯ ಹತ್ತಿರ ಹೋದೆ. ಒಬ್ಬ ಮನುಷ್ಯ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದಾನೆ ಎಂದೆ. ಎದುರು ಮನೆಯಾಕೆ ಹಾಸಿಗೆ ಒಣಹಾಕಿದ್ದಾಳೆ ಎಂದೆ. ಒಂದು ನಾಯಿ ಇದೆ, ಮಲಗಿದೆ.

ಓದಾನ್ ಕಣ್ಣು ಮುಚ್ಚಿ ಕೇಳಿದ.

"ಮಾತು ಅವಳದೇ" ಎಂದ ಆಮೇಲೆ. "ಆದರೆ ನೀನು ಇದ್ದದ್ದನ್ನ ಇದ್ದ ಹಾಗೇ ಹೇಳಿಬಿಡ್ತೀಯ. ಅವಳಾಗಿದ್ರೆ, ಎದುರು ಮನೆಯವಳ ಹಾಸಿಗೆ ಇವತ್ತೂ ಯಾಕೆ ಒದ್ದೆಯಾಯಿತು ಅಂತ ಕಾರಣ ಕೊಡ್ತಿದ್ದಳು. ಅರ್ಧ ಸುಳ್ಳು. ಹಂಗೇ ಐವತ್ತು ವರ್ಷ ನಾನು ಈ ಬೀದಿ ನೋಡಿದೀನಿ."

ಮಿರೇತ ತಟ್ಟೆಗೆ ಮೂರು ಸಲ ಜೋರಾಗಿ ಬಡಿದಳು. ಮುದುಕ ನಕ್ಕ. ನಗು ನಿಂತ ಮೇಲೆ ಮತ್ತೆ ಕೇಳಿದ, "ಮಿರೇತಾ, ಇದ್ದೀಯಾ?"

ಆಕೆ ಬಡಿದಳು. ನಾನು ಬಾಗಿಲ ಕಡೆ ನಡೆದೆ.

"ಭಾನುವಾರ ಆದಮೇಲೆ ಕೊಡ್ತೀನಿ" ಎಂದೆ ಸೊರೇನಳಿಗೆ. "ಭಾನುವಾರ ನಮ್ಮವರಿಗೆ ಇದು ಬೇಕು."

"ಅವನೂ ಹಾಗೇ ಅಂದಿದ್ದ."

"ಯಾರು?"

"ಮೂರು ವರ್ಷದ ಹಿಂದೆ ನಿಮ್ಮವರ ಜೊತೆ ಬಂದವನು. ಗಿಡ್ಡ. ಕೈಗೆ ದೊಡ್ಡ ಗಡಿಯಾರ. ಸೇತುವೆ ಕಾಯುವವನ ಮಾತನ್ನ ತಗೊಂಡ. ಭಾನುವಾರ ಕೊಡ್ತೀನಿ ಅಂದ. ಭಾನುವಾರ ಬಸ್ಸು ಹತ್ತಿದ." ಆಕೆಯ ದನಿಯಲ್ಲಿ ಕೋಪವಿರಲಿಲ್ಲ. "ಸೇತುವೆ ದಾಟಿದರೆ ತಾನಾಗಿ ವಾಪಸ್ಸು ಬರಲ್ಲ. ತಗೊಂಡವನೇ ಎದುರಿಗೆ ಕೂತು ಕೊಡಬೇಕು."

ಆ ಗಡಿಯಾರ ನನಗೆ ಗೊತ್ತಿತ್ತು. ಒಬದ್ಯಪ್ಪನವರು ಪ್ರಾರ್ಥನೆಗೆ ಕೈ ಎತ್ತಿದಾಗಲೆಲ್ಲ ಅದು ಮೊಣಕೈ ಕಡೆಗೆ ಜಾರುತ್ತದೆ.

ಶನಿವಾರ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಂಡು, ಹೆಂಡತಿ ಎಂಬ ಮಾತಿನ ಜೊತೆ ಅವನು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದೆ. ಓದಿ ನೋಡಿದೆ. ಸರಿಯಾಗಿಯೇ ಇತ್ತು. ಆದರೆ ಅದು ನನ್ನ ಬರಹವಾಗಿತ್ತು. ಅವನು ಅದರಲ್ಲಿ ಇರಲಿಲ್ಲ. ಹಾಳೆಯನ್ನು ಮಡಚಿ ಬ್ಯಾಗಿನಲ್ಲಿ ಇಟ್ಟೆ.

ತಿಂಡಿಯ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ಇದು ವರವಲ್ಲ, ಒಬ್ಬರ ಬಾಯಿಂದ ತಂದದ್ದು ಎಂದೆ. ಮಿರೇತಳ ತಟ್ಟೆ, ಚಮಚ, ಕುರುಡ ಗಂಡ, ಸೇತುವೆಯ ಕಾವಲುಗಾರ, ಎಲ್ಲ ಹೇಳಿದೆ. ಹೆಂಡತಿ ಎಂಬ ಮಾತಿನಲ್ಲಿ ಸೀಲಾಸ ಏನು ಹೇಳಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೊದಲು ಬಾಯಿ ಬಿಟ್ಟವಳು ರೂತವ್ವ.

"ಹಂಗಾರ ಮೂರು ವರ್ಷದಿಂದ ಒಬದ್ಯಪ್ಪ ಮಂದಿ ನಾಲಗಿ ಇಟಗೊಂಡು ಮೆರಿಯಾಕತ್ತಾನೇನು! ನಾ ಅಂವನ ಪ್ರಾರ್ಥನಿ ಕೇಳಿ ಸೆರಗು ತೋಯಿಸಿಕೊಂಡೀನಿ. ಏನು ಅಂತಿದ್ದಾ ಅಂವಾ ವೇದಿಕಿ ಮ್ಯಾಲೆ?"

ನನಗೆ ಅವರ ಪ್ರಾರ್ಥನೆ ನೆನಪಿತ್ತು. ಪ್ರತಿ ವರ್ಷವೂ ಅದೇ. ಈಗ ನೆನಪಿನಲ್ಲೇ ಅದು ಅರ್ಥವಾಯಿತು.

"ಟಿಕೇಟು ತೋರಸ್ರಿ, ಹುಷಾರಾಗಿ ದಾಟ್ರಿ, ಹಲಗಿ ಸಡಲ ಅದಾವು ಅಂತ" ಎಂದೆ. "ಸೇತುವಿ ಕಾಯಾಂವನ ಮಾತು ಅವು."

ರೂತವ್ವ ನಗಲು ಬಾಯಿ ತೆರೆದವಳು ನಗಲಿಲ್ಲ. ಅವಳ ಇಬ್ಬರು ಹುಡುಗಿಯರು ತಾಯಿಯ ಮುಖವನ್ನೇ ನೋಡುತ್ತಿದ್ದರು.

ಪಾದ್ರಿಗಳು ತಟ್ಟೆ ಸರಿಸಿದರು. "ಒಂದು ದಿನ, ಮಗಳ. ನಾಳೆ ಆರಾಧನಿ ಮುಗದ ಕೂಡ್ಲೇ ನಾನೇ ನಿನ್ನ ಕರಕೊಂಡು ಹೋಗತೀನಿ ಆಕಿ ಮನಿಗೆ."

"ನಾಳೆ ಆದಮ್ಯಾಲೆ ನಾ ಕೊಡಂಗಿಲ್ಲರಿ ಅಯ್ಯಾರ."

"ಅಂದ್ರ?"

"ನಾ ಕೊಡಂಗಿಲ್ಲ. ನನಗ ನಾ ಗೊತ್ತದೀನಿ. ಬಸ್ಸು ಹತ್ತತೀನಿ."

ಅವರು ನನ್ನನ್ನು ನೋಡಿದರು. ಮೂವತ್ತು ವರ್ಷ ಸಾವಿನ ಮನೆಗಳಿಗೆ ಹೋಗಿಬಂದ ಮನುಷ್ಯ. ಯಾಕೆ ಎಂದು ಕೇಳಲಿಲ್ಲ.

"ಏಳು ಮಂದಿ" ಎಂದರು ಮೆಲ್ಲಗೆ.

"ಅವರಿಗೆ ನಾ ಏನು ಕೇಳಬೇಕಿತ್ತು?"

"ನಂಬತೀರೇನು ಅಂತ."

ನಾನು ತಲೆ ತಗ್ಗಿಸಿದೆ.

"ಹೋಗು ಅಂತ ನಾ ಹೇಳಂಗಿಲ್ಲ" ಎಂದರು. "ಬ್ಯಾಡ ಅಂತನೂ ಹೇಳಂಗಿಲ್ಲ. ಕೈಸನ್ನಿ ಮಾಡಿ ಕೇಳತೀನಿ ನಾಳೆ. ತಿಳದವರು ನೀರಿಗೆ ಇಳೀಲಿ."

"ಒಬದ್ಯಪ್ಪನ್ನ ನನಗ ಬಿಡ್ರಿ" ಎಂದಳು ರೂತವ್ವ. "ಕಿವಿ ಹಿಡದು ಕರಕೊಂಡು ಬರತೀನಿ ಈ ಊರಿಗೆ."

ಹೊರಗೆ ಬಂದವಳು ಮಿರೇತಳ ಓಣಿಗೆ ಹೋಗಲಿಲ್ಲ. ಸೇತುವೆಗೆ ಹೋದೆ. ಇದನ್ನು ಯಾರಿಗೂ ಹೇಳಿಲ್ಲ. ಕೈಯಲ್ಲಿ ಪಾಸ್‌ಪೋರ್ಟ್ ಇದ್ದ ಚೀಲವಿತ್ತು. ಆಚೆ ದಡದಲ್ಲಿ ರಸ್ತೆ ಕಾಣುತ್ತಿತ್ತು. ಮಧ್ಯಾಹ್ನದ ಬಸ್ಸು ದಿನವೂ ಬರುತ್ತದೆ ಎಂದು ನಲ್ಲಿಯ ಹೆಂಗಸರ ಮಾತಿನಿಂದ ಗೊತ್ತಾಗಿತ್ತು.

ಕಾವಲುಗಾರ ತನ್ನ ಗೂಡಿನಿಂದ ಹೊರಗೆ ಬಂದ. ನನ್ನನ್ನೂ ಚೀಲವನ್ನೂ ನೋಡಿದ. ನಾನು ಏನು ಹೊತ್ತುಕೊಂಡು ಹೋಗುತ್ತಿದ್ದೇನೆಂದು ಇಡೀ ಊರಿಗೆ ಗೊತ್ತಿತ್ತು, ಅವನಿಗೂ ಗೊತ್ತಿದ್ದಿರಬೇಕು. ಆದರೂ ಅಡ್ಡಗಂಬವನ್ನು ಎತ್ತಿದ. ಎತ್ತಿ, ಹಲಗೆಗಳ ಕಡೆ ಕೈ ತೋರಿಸಿ, ಬಾಯಿ ತೆರೆದ. ಏನೂ ಬರಲಿಲ್ಲ. ಒಳಗೆ ಕತ್ತಲೆ ಇತ್ತು, ನಾಲಗೆ ಆಡುತ್ತಿತ್ತು, ಸದ್ದಿರಲಿಲ್ಲ. ಅವನಿಗೇ ನಾಚಿಕೆಯಾದಂತೆ ಬಾಯಿ ಮುಚ್ಚಿಕೊಂಡು, ಕ್ಷಮಿಸಿ ಎನ್ನುವಂತೆ ನನಗೆ ತಲೆ ಬಾಗಿಸಿದ.

"ಹಲಗೆ ಸಡಿಲ ಇವೆ, ಗೊತ್ತು" ಎಂದೆ.

ಅವನು ಸಮಾಧಾನದಿಂದ ತಲೆಯಾಡಿಸಿದ.

ಒಂದು ಹಲಗೆಯ ಮೇಲೆ ಕಾಲಿಟ್ಟೆ. ಅದು ಅಲುಗಿತು. ಅವನು ಅಡ್ಡಗಂಬವನ್ನು ಹಿಡಿದುಕೊಂಡೇ ನಿಂತಿದ್ದ, ಕೈ ನೋಯುತ್ತಿದ್ದರೂ. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಮಿರೇತಳ ಮನೆಯಲ್ಲಿ ಸೊರೇನ ಇರಲಿಲ್ಲ. ಓದಾನ್ ಕುರ್ಚಿಯಲ್ಲಿದ್ದ. ಮಿರೇತ ನನ್ನನ್ನು ನೋಡಿ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟಳು, ಕೈ ಒರೆಸಿಕೊಂಡಳು, ಎರಡು ಮಣೆ ಎದುರುಬದುರು ಹಾಕಿದಳು. ಹೇಗೆಂದು ಕೇಳಬೇಕಾಗಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತೆವು. ಒಂದೊಂದು ಮಾತನ್ನು ಆಕೆಯ ಮುಖ ನೋಡುತ್ತ ಆಡಬೇಕು. ಆಡಿದ ಮಾತು ಹೋಗುತ್ತದೆ.

ಬುಟ್ಟಿ ಎಂದೆ. ಹೋಯಿತು. ಕಿಟಕಿ, ಚಮಚ, ಹಾಸಿಗೆ, ನಾಯಿ. ಒಂದೊಂದು ಹೋದಾಗಲೂ ಕೋಣೆಯಲ್ಲಿ ಆ ವಸ್ತು ಹೆಸರಿಲ್ಲದೆ ಸುಮ್ಮನೆ ಕುಳಿತಿತು. ಗೋಡೆ ಎಂದೆ. ಈ ಗೋಡೆ ಸ್ವಲ್ಪ ವಾಲಿದೆ ಎಂದು ಕೊನೆಯ ಸಲ ಹೇಳಿ ಸೀಲಾಸ ಹೋದ. ಉಪ್ಪು ಎಂದೆ. ನಕ್ಕು ಹೋದ. ಏಣಿ ಎಂದೂ ಹೇಳಬೇಕಾಯಿತು. ಮಿರೇತ ನನ್ನ ಎರಡೂ ಕೈ ಹಿಡಿದುಕೊಂಡಳು. ತೊಟ್ಟಿಲು ಎಂದಾಗ ಆಕೆ ಕಣ್ಣು ಮುಚ್ಚಿದಳು. ಆ ದುಃಖ ನನ್ನ ಗಂಟಲಿನಿಂದ ಇಳಿದು ಅದರ ಮನೆಗೆ ಹೋಯಿತು. ಅದು ಖಾಲಿ ಮಾಡಿದ ಜಾಗ ಬಹಳ ಹೊತ್ತು ಖಾಲಿ ಇರಲಿಲ್ಲ. ನಾನು ಅಳುತ್ತ ಮಾತಾಡಿದೆ. ಐದು ದಿನಗಳಲ್ಲಿ ಅದು ಮೊದಲ ಸಲ.

ಬಿಸಿಲು ಕಿಟಕಿ ಬಿಟ್ಟು ಹೋಗಿತ್ತು. "ಮಿರೇತಾ, ಇದ್ದೀಯಾ?" ಎಂದು ಓದಾನ್ ಒಂದೆರಡು ಸಲ ಕೇಳಿದ್ದ. ಆಮೇಲೆ ಅವನು ಕೇಳಿದ್ದು ನನಗೆ ಬರಿಯ ಸದ್ದಾಗಿ ಕೇಳಿಸಿತು. ಆ ಪ್ರಶ್ನೆಯ ಮಾತುಗಳನ್ನು ನಾನು ಕೊಟ್ಟು ಮುಗಿಸಿದ್ದೆ.

ಒಂದು ಉಳಿದಿತ್ತು. ಅದು ಉಳಿದಿದೆ ಎಂದು ಆಕೆಗೆ ಗೊತ್ತಿತ್ತು. ಸೀಲಾಸ ಅದನ್ನು ಆಡಿದಾಗ ಕೇಳಿದವಳು ಆಕೆಯೇ ಇರಬೇಕು. ಸಂಜೆಯ ಆ ಒಂದು ಗಂಟೆ, ಇದೇ ಮಣೆಯ ಮೇಲೆ. ಆಕೆ ಅವಸರ ಮಾಡಲಿಲ್ಲ. ಕೈ ಬಿಡಲೂ ಇಲ್ಲ.

ಹೆಂಡತಿ ಎಂದೆ.

ಅವನು ಎಲ್ಲವನ್ನೂ ಹೇಳಿದ, ಮೊದಲಿನಿಂದ, ಒಂದು ಅಕ್ಷರ ಬಿಡದೆ. ನಾನು ಕಣ್ಣು ತೆರೆದೇ ಕೇಳಿದೆ. ಅದು ಸಾಕು ನನಗೆ ಎಂದ. ಆಮೇಲೆ ಕೋಣೆಯಲ್ಲಿ ನಾವು ಮೂವರೇ ಇದ್ದೆವು.

ಮಿರೇತ ಒಮ್ಮೆ ಉಗುಳು ನುಂಗಿದಳು. ಕಿಟಕಿಯ ಕಡೆ ತಿರುಗಿ ಮಾತು ಶುರು ಮಾಡಿದಳು. ಬೀದಿಯನ್ನು ನೋಡುತ್ತ, ಕೈ ಬೀಸುತ್ತ, ಉಸಿರು ತೆಗೆದುಕೊಳ್ಳದೆ. ಮುದುಕ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಏನೋ ಕೇಳಿದ. ಆಕೆ ಉತ್ತರ ಕೊಟ್ಟಳು. ಅವನು ಗಂಭೀರವಾಗಿ, ಯಾರೂ ಇಲ್ಲದ ಬಾಗಿಲ ಕಡೆ ತಿರುಗಿ ತಲೆ ಬಾಗಿಸಿದ. ಮಿರೇತ ಅವನ ಭುಜ ಹಿಡಿದು, ಬೈಯುತ್ತಲೇ, ನನ್ನ ಕಡೆಗೆ ತಿರುಗಿಸಿದಳು.